ಒಂದೇ ಮೌನಕ್ಕೆ ಮೂರು ಹೆಸರು

ಯಾವ ಶೋಧವನ್ನಾದರೂ ನೆನಪಿಟ್ಟುಕೊಳ್ಳೋಕೆ ನಮಗೆ ಒಂದು ತಾರೀಖು ಬೇಕು, ಒಂದಿಬ್ಬರು ವಾರಸುದಾರರು ಬೇಕು, ಕೊನೆಗೊಂದು ಬಹುಮಾನ ಬೇಕು. ಜೀನುಗಳನ್ನು ಸುಮ್ಮನಾಗಿಸುವ ‘ಆರ್‌ಎನ್‌ಎ ಇಂಟರ್‌ಫಿಯರೆನ್ಸ್’ ವಿಷಯದಲ್ಲಿ ಮೂರೂ ಸಿದ್ಧವಾಗಿವೆ. ತಾರೀಖು: 19 ಫೆಬ್ರವರಿ 1998. ವಾರಸುದಾರರು: ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೊ. ಬಹುಮಾನ: 2006ರ ನೊಬೆಲ್. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಇಷ್ಟನ್ನೇ ಇತಿಹಾಸ ಅಂದುಕೊಂಡರೆ, ಮದುವೆಗೆ ಊಟದ ಹೊತ್ತಿಗೆ ಬಂದು ಮದುವೆ ನೋಡಿದೆ ಅಂದ ಹಾಗಾಗುತ್ತದೆ.

ನಾನು ಜೀವವಿಜ್ಞಾನ ಓದಿದವನಲ್ಲ. ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಬಹುಶಃ ಅದಕ್ಕೇ ಈ ಕಥೆ ನನಗೆ ಹಿಡಿಸಿದ್ದು. ಇದರಲ್ಲಿ ಬರುವ ಮುಖ್ಯ ಪ್ರಯೋಗಗಳಲ್ಲಿ ಹಲವು, ಅಂದುಕೊಂಡಿದ್ದಕ್ಕೆ ಉಲ್ಟಾ ಹೊಡೆದ ಪ್ರಯೋಗಗಳು. ಗಿಡದವರು, ಬೂಸ್ಟಿನವರು, ಹುಳುವಿನವರು ಎಲ್ಲರೂ ಒಂದೇ ವಿಚಿತ್ರವನ್ನು ಕಂಡರು, ಬೇರೆಬೇರೆ ಹೆಸರಿಟ್ಟರು. ಅವರೆಲ್ಲ ನೋಡುತ್ತಿರುವುದು ಒಂದೇ ಯಂತ್ರ ಅಂತ ಗೊತ್ತಾಗೋಕೆ ಸುಮಾರು ಹತ್ತು ವರ್ಷ ಬೇಕಾಯಿತು. ಅದನ್ನು ತೋರಿಸಿಕೊಟ್ಟದ್ದು, ಒಂದು ಕಳೆಗಿಡದ ಎಲೆ ನೋಡಿ ಹೆಸರಿಟ್ಟ ಒಂದು ಪ್ರೋಟೀನ್.

ಮೊದಲು ಸ್ವಲ್ಪ ಪೀಠಿಕೆ. ಒಂದು ದೊಡ್ಡ ಮದುವೆ ಮನೆ ಅಂದುಕೊಳ್ಳಿ. ಎಲ್ಲ ಅಡುಗೆಗಳ ವಿಧಾನ ಇರುವ ದಪ್ಪ ಪುಸ್ತಕವನ್ನು ಉಗ್ರಾಣದ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ಅದು ಡಿಎನ್‌ಎ. ಪುಸ್ತಕ ಹೊರಗೆ ಹೋಗುವ ಹಾಗಿಲ್ಲ. ಬೇಕಾದ ಅಡುಗೆಯನ್ನು ಒಂದು ಚೀಟಿಯಲ್ಲಿ ಬರೆದು ಒಲೆಯ ಹತ್ತಿರ ಕಳಿಸುತ್ತಾರೆ. ಆ ಚೀಟಿಯೇ ಮೆಸೆಂಜರ್ ಆರ್‌ಎನ್‌ಎ. ಅದನ್ನು ನೋಡಿ ಭಟ್ಟರು ಮಾಡುವ ಅಡುಗೆ ಪ್ರೋಟೀನ್. ಈಗ ಊಟಕ್ಕೆ ಪಾಯಸ ಬೇಡ ಅಂದರೆ ಏನು ಮಾಡಬೇಕು? ಪುಸ್ತಕದ ಪುಟ ಹರಿಯಬಹುದು. ಅಥವಾ ಪುಸ್ತಕವನ್ನು ಮುಟ್ಟದೆ, ಪಾಯಸದ ಚೀಟಿ ಒಲೆ ತಲುಪುವ ಮುಂಚೆ ಹರಿದುಹಾಕಬಹುದು. ನಾವು ಮಾತಾಡುತ್ತಿರುವುದು ಈ ಎರಡನೆಯ ದಾರಿಯ ಬಗ್ಗೆ.

ಕಥೆ ಶುರುವಾಗಬೇಕಾದದ್ದು ಹೂವಿನಿಂದ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಕುಂಡಗಟ್ಟಲೆ ಇಟ್ಟಿರುತ್ತಾರಲ್ಲ, ಅದೇ ಪೆಟೂನಿಯಾ. ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನಲ್ಲಿದ್ದ ಡಿಎನ್‌ಎ ಪ್ಲಾಂಟ್ ಟೆಕ್ನಾಲಜಿ ಎಂಬ ಕಂಪನಿಯಲ್ಲಿ ಕ್ಯಾರೊಲಿನ್ ನಪೋಲಿ, ಕ್ರಿಸ್ಟೀನ್ ಲೆಮ್ಯೂ ಮತ್ತು ರಿಚರ್ಡ್ ಜೋರ್ಗೆನ್ಸನ್ ಅದರ ನೇರಳೆ ಬಣ್ಣದ ಮೇಲೆ ಕೆಲಸ ಮಾಡುತ್ತಿದ್ದರು. ಬಣ್ಣ ತಯಾರಿಸುವ ಸಾಲಿನಲ್ಲಿ ಕ್ಯಾಲ್ಕೋನ್ ಸಿಂಥೇಸ್ ಎಂಬ ಒಂದು ಎನ್ಜೈಮ್ ಇದೆ. ಅದರ ಜೀನಿನ ಇನ್ನೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಿದರು. ಲೆಕ್ಕ ಸರಳ: ಚೀಟಿ ಜಾಸ್ತಿ ಆದರೆ ಅಡುಗೆ ಜಾಸ್ತಿ, ಹೂವು ಇನ್ನಷ್ಟು ನೇರಳೆ.

ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಯಿತು. ಹೆಚ್ಚುವರಿ ಜೀನ್ ಸೇರಿಸಿದ ಗಿಡಗಳಲ್ಲಿ 42 ಶೇಕಡಾದಷ್ಟು ಪೂರ್ತಿ ಬಿಳಿ ಹೂವನ್ನೋ, ಬಿಳಿ ಪಟ್ಟೆಗಳ ಹೂವನ್ನೋ ಬಿಟ್ಟವು. ಹೊರಗಿನಿಂದ ತಂದ ಜೀನ್ ಕೆಲಸ ಮಾಡಲಿಲ್ಲ ಅಂದರೆ ಅದೊಂದು ಲೆಕ್ಕ. ಆದರೆ ಗಿಡದ ಸ್ವಂತ ಜೀನೂ ಜೊತೆಗೇ ಸುಮ್ಮನಾಗಿತ್ತು. ಅದರ ಮೆಸೆಂಜರ್ ಆರ್‌ಎನ್‌ಎ ಮಟ್ಟ 50 ಪಟ್ಟು ಇಳಿದಿತ್ತು. ಇನ್ನೂ ವಿಚಿತ್ರ ಅಂದರೆ, ಕೆಲವು ಬಿಳಿ ಹೂವಿನ ಗಿಡಗಳು ಮುಂದೆ ತಾವಾಗಿಯೇ ನೇರಳೆಗೆ ತಿರುಗಿದವು, ಆಗ ಎರಡೂ ಜೀನುಗಳು ಒಟ್ಟಿಗೇ ಬಾಯಿಬಿಟ್ಟವು. ಅಂದರೆ ಜೀನ್ ಹಾಳಾಗಿರಲಿಲ್ಲ. ಪುಸ್ತಕದ ಪುಟ ಹಾಗೇ ಇತ್ತು, ಚೀಟಿ ಮಾತ್ರ ಮಾಯವಾಗುತ್ತಿತ್ತು.

ಇದನ್ನು ಅವರು 1990ರಲ್ಲಿ ‘ಪ್ಲಾಂಟ್ ಸೆಲ್’ ಪತ್ರಿಕೆಯಲ್ಲಿ ಪ್ರಕಟಿಸಿ ‘ಕೋಸಪ್ರೆಷನ್’ ಅಂತ ಹೆಸರಿಟ್ಟರು, ಎರಡೂ ಜೊತೆಯಾಗಿ ಅಡಗುವುದು ಅಂತ. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಇನ್ನೊಂದು ಗುಂಪು ಕೂಡ ಪೆಟೂನಿಯಾದಲ್ಲಿ ಇದೇ ತಮಾಷೆಯನ್ನು ವರದಿ ಮಾಡಿತು. ಕಾರಣ ಏನು? ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಎರಡು ವರ್ಷಕ್ಕೆ, 1992ರಲ್ಲಿ, ರೋಮ್ ನಗರದಿಂದ ಸುದ್ದಿ ಬಂತು. ನಿಕೊಲೆತ್ತಾ ರೊಮಾನೊ ಮತ್ತು ಜುಸೆಪ್ಪೆ ಮಚಿನೊ ನ್ಯೂರೋಸ್ಪೋರಾ ಎಂಬ ಬೂಸ್ಟಿನ ಮೇಲೆ ಕೆಲಸ ಮಾಡುತ್ತಿದ್ದರು. ಹಳಸಿದ ಬ್ರೆಡ್ಡಿನ ಮೇಲೂ ಬೆಳೆಯುವ ಕಿತ್ತಳೆ ಬಣ್ಣದ ಬೂಸ್ಟು ಅದು. ಆ ಕಿತ್ತಳೆ ಬಣ್ಣದ ಜೀನಿನ ಹೆಚ್ಚುವರಿ ಪ್ರತಿ ಹಾಕಿದಾಗ ಬೂಸ್ಟು ಬಿಳಿಯಾಯಿತು. ಇವರು ಅದಕ್ಕೆ ‘ಕ್ವೆಲಿಂಗ್’ ಅಂದರು. ಅಡಗಿಸುವುದು ಅಂತಲೇ ಅರ್ಥ. ಗಿಡದವರ ಭಾಷೆಯಲ್ಲಿ ಒಂದು ಹೆಸರು, ಬೂಸ್ಟಿನವರ ಭಾಷೆಯಲ್ಲಿ ಇನ್ನೊಂದು.

ಮೂರನೆಯ ಮನೆ ಹುಳುವಿನವರದು. ಒಂದು ಮಿಲಿಮೀಟರ್ ಉದ್ದದ, ಮಣ್ಣಿನಲ್ಲಿ ಬದುಕುವ ಸಿ. ಎಲೆಗನ್ಸ್. 1990ರ ದಶಕದಲ್ಲಿ ಒಂದು ಜೀನನ್ನು ತಡೆಯಬೇಕೆಂದರೆ ಅದರ ಚೀಟಿಗೆ ‘ಆಂಟಿಸೆನ್ಸ್’ ಆರ್‌ಎನ್‌ಎ ಕೊಡುವ ರೂಢಿ ಇತ್ತು. ಆರ್‌ಎನ್‌ಎಯಲ್ಲಿ ನಾಲ್ಕು ಅಕ್ಷರ: ಎ, ಯು, ಜಿ, ಸಿ. ಎ ಅಕ್ಷರಕ್ಕೆ ಯು ಜೋಡಿ, ಜಿ ಅಕ್ಷರಕ್ಕೆ ಸಿ ಜೋಡಿ. ಚೀಟಿಯ ಅಕ್ಷರಗಳಿಗೆ ಸರಿಯಾಗಿ ಜೋಡಿಯಾಗುವ ಎಳೆಯನ್ನು ಒಳಗೆ ಬಿಟ್ಟರೆ ಅದು ಚೀಟಿಗೆ ಅಂಟಿಕೊಂಡು, ಭಟ್ಟರಿಗೆ ಓದೋಕೆ ಬಾರದ ಹಾಗೆ ಮಾಡುತ್ತದೆ ಎಂಬ ನಂಬಿಕೆ. 1995ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸು ಗುವೊ ಮತ್ತು ಕೆನೆತ್ ಕೆಂಫ್ಯೂಸ್ ‘ಪಾರ್-1’ ಎಂಬ ಜೀನಿನ ಮೇಲೆ ಇದನ್ನೇ ಮಾಡಿದರು. ಜೀನ್ ಸುಮ್ಮನಾಯಿತು. ಸರಿ, ಹೋಲಿಕೆಗೆ ಅಂತ ‘ಸೆನ್ಸ್’ ಎಳೆಯನ್ನೂ, ಅಂದರೆ ಚೀಟಿಯ ಯಥಾವತ್ ನಕಲನ್ನೂ ಬೇರೆ ಹುಳುಗಳಿಗೆ ಕೊಟ್ಟರು. ಅದು ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ, ಏನೂ ಆಗಬಾರದು. ಆದರೆ ಜೀನ್ ಅಷ್ಟೇ ಚೆನ್ನಾಗಿ ಸುಮ್ಮನಾಯಿತು.

ಟೆಸ್ಟಿಂಗ್ ಮಾಡುವವರಿಗೆ ಇದರ ತಲೆನೋವು ಗೊತ್ತಾಗುತ್ತದೆ. ಖಾಲಿ ಮಾತ್ರೆ ಕೊಟ್ಟ ರೋಗಿಗೂ ಔಷಧಿ ಕೊಟ್ಟವನಷ್ಟೇ ವಾಸಿಯಾದರೆ, ಔಷಧಿಯ ಬಗ್ಗೆ ನೀವು ಏನು ಹೇಳ್ತೀರಿ? ಗುವೊ ಮತ್ತು ಕೆಂಫ್ಯೂಸ್ ಅದನ್ನು ಮುಚ್ಚಿಡದೆ ತಮ್ಮ ಪ್ರಬಂಧದಲ್ಲಿ ಬರೆದರು. ಪ್ರಬಂಧದ ಮುಖ್ಯ ವಿಷಯ ಅದಾಗಿರಲಿಲ್ಲ, ಬರೆಯದೆಯೂ ಇರಬಹುದಿತ್ತು. ಬರೆದದ್ದರಿಂದ ಉಳಿದವರು ತಲೆ ಕೆರೆದುಕೊಳ್ಳೋಕೆ ಆಯಿತು.

ಹಾಗೆ ತಲೆ ಕೆರೆದುಕೊಂಡವರಲ್ಲಿ ಇಬ್ಬರು ಬಾಲ್ಟಿಮೋರ್ ಊರಿನ ಕಾರ್ನೆಗಿ ಸಂಸ್ಥೆಯ ಫೈರ್ ಮತ್ತು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯ ಮೆಲ್ಲೊ. ಸೆನ್ಸ್ ಆದರೂ ಸರಿ, ಆಂಟಿಸೆನ್ಸ್ ಆದರೂ ಸರಿ ಕೆಲಸ ಆಗುತ್ತೆ ಅಂದರೆ, ಎರಡರಲ್ಲೂ ಮೂರನೆಯದೇನೋ ಬೆರೆತಿರಬೇಕಲ್ಲ? ಲ್ಯಾಬಿನಲ್ಲಿ ಒಂದು ಎಳೆ ತಯಾರಿಸುವಾಗ ಅದರ ಎದುರು ಎಳೆಯೂ ಚೂರುಪಾರು ತಯಾರಾಗುತ್ತದೆ, ಎರಡೂ ಹೆಣೆದುಕೊಂಡು ಜೋಡಿ ಎಳೆ ಆಗುತ್ತದೆ. ಆ ಕಲಬೆರಕೆಯೇ ಅಸಲಿ ಔಷಧಿ ಆಗಿದ್ದರೆ? ಅವರು ಎಳೆಗಳನ್ನು ಶುದ್ಧಮಾಡಿ ಬೇರೆಬೇರೆಯಾಗಿ ಪರೀಕ್ಷಿಸಿದರು. ‘ಅಂಕ್-22’ ಎಂಬ ಜೀನ್ ಕೆಟ್ಟರೆ ಹುಳುವಿನ ಸ್ನಾಯು ಅದುರುತ್ತದೆ, ನೋಡಿದರೇ ಗೊತ್ತಾಗುತ್ತದೆ. ಶುದ್ಧ ಒಂಟಿ ಎಳೆಗಳು ಹೆಚ್ಚೇನೂ ಮಾಡಲಿಲ್ಲ. ಜೋಡಿ ಎಳೆ ಕೊಟ್ಟಾಗ ಹುಳು ಅದುರಿತು, ಅದರ ಮರಿಗಳೂ ಅದುರಿದವು. ಅದೂ ಒಂದು ಜೀವಕೋಶಕ್ಕೆ ಕೆಲವೇ ಅಣುಗಳು ಸಾಕಾಗಿದ್ದವು. ಸಾವಿರಾರು ಚೀಟಿಗಳಿಗೆ ಒಂದೊಂದಾಗಿ ಅಂಟಿಕೊಳ್ಳೋಕೆ ಅಷ್ಟು ಸಾಲದು. ಹಾಗಾದರೆ ಒಳಗೆ ಯಾವುದೋ ಯಂತ್ರ ಇದೆ, ಈ ಎಳೆ ಅದಕ್ಕೆ ಆಜ್ಞೆ ಮಾತ್ರ. ಇದೇ ಆ 19 ಫೆಬ್ರವರಿ 1998ರ ಪ್ರಬಂಧ. ಮೂರನೆಯ ಹೆಸರು ಬಂತು: ಆರ್‌ಎನ್‌ಎ ಇಂಟರ್‌ಫಿಯರೆನ್ಸ್.

ಯಂತ್ರ ಯಾವುದು? ಉತ್ತರ ಆಗಲೇ ಅಚ್ಚಾಗಿತ್ತು, ಆದರೆ ಅದು ಉತ್ತರ ಅಂತ ಯಾರಿಗೂ ಗೊತ್ತಿರಲಿಲ್ಲ.

ಅದಕ್ಕೂ ಒಂದು ತಿಂಗಳು ಮೊದಲು, 1998ರ ಜನವರಿಯಲ್ಲಿ, ಕರೆನ್ ಬೋಮರ್ಟ್ ಮತ್ತು ಸಂಗಡಿಗರು ‘ಎಂಬೊ ಜರ್ನಲ್’ನಲ್ಲಿ ಅರಬಿಡಾಪ್ಸಿಸ್ ಎಂಬ ಗಿಡದ ಒಂದು ರೂಪಾಂತರಿಯನ್ನು ವಿವರಿಸಿದ್ದರು. ಅರಬಿಡಾಪ್ಸಿಸ್ ಅಂದರೆ ಸಾಸಿವೆಯ ದೂರದ ನೆಂಟ, ಒಂದು ಪುಟ್ಟ ಕಳೆಗಿಡ. ಅವರ ಆಸಕ್ತಿ ಎಲೆ ಹೇಗೆ ಎಲೆಯಾಗುತ್ತದೆ ಎಂಬುದರಲ್ಲಿ, ಜೀನ್ ಸುಮ್ಮನಾಗುವುದರಲ್ಲಿ ಅಲ್ಲ. ಒಂದು ಜೀನ್ ಕೆಟ್ಟ ಈ ಗಿಡದ ಎಲೆಗಳು ಅಗಲವಾಗದೆ ಎಳೆಎಳೆಯಾಗಿ, ಕೊಳವೆಯಂತೆ ಚಾಚಿಕೊಂಡಿದ್ದವು. ನೋಡಿದರೆ ಕಡಲಲ್ಲಿ ತೇಲುವ ‘ಆರ್ಗೋನಾಟ್’ ಎಂಬ ಪುಟ್ಟ ಆಕ್ಟೋಪಸ್ ಜಾತಿಯ ಪ್ರಾಣಿಯ ಕೈಗಳಂತೆ. ಆ ಪ್ರಾಣಿ ತನ್ನ ಕೈಗಳನ್ನೇ ಹಾಯಿ ಮಾಡಿಕೊಂಡು ಸಾಗುತ್ತದೆ ಅಂತ ಹಿಂದಿನವರು ನಂಬಿದ್ದರು. ಗ್ರೀಕ್ ಪುರಾಣದಲ್ಲಿ ಆರ್ಗೊ ಎಂಬ ಹಡಗಿನ ನಾವಿಕರಿಗೆ ಆರ್ಗೋನಾಟ್ ಎಂಬ ಹೆಸರು, ಅದೇ ಪ್ರಾಣಿಗೂ ಬಂದಿತ್ತು. ಹಡಗಿನಿಂದ ಪ್ರಾಣಿಗೆ, ಪ್ರಾಣಿಯಿಂದ ಗಿಡಕ್ಕೆ, ಗಿಡದಿಂದ ಜೀನಿಗೆ. ಆರ್ಗೋನಾಟ್-1. ಇಂಥ ಪ್ರೋಟೀನುಗಳು ಪ್ರಾಣಿಗಳಲ್ಲೂ ಇವೆ ಅಂತ ಕಂಡಿತ್ತು. ಏನು ಕೆಲಸ ಮಾಡುತ್ತವೆ ಅಂತ ಮಾತ್ರ ಕಂಡಿರಲಿಲ್ಲ.

ಈಗ ನೋಡಿ ಹೇಗೆ ಬಂದು ಸೇರಿತು. ಮೆಲ್ಲೊ ಲ್ಯಾಬಿನಲ್ಲಿ ಹಿರೊವಾಕಿ ತಬಾರ ಮತ್ತು ಸಂಗಡಿಗರು, ಜೋಡಿ ಎಳೆ ಕೊಟ್ಟರೂ ಜಗ್ಗದ ಹುಳುಗಳನ್ನು ಹುಡುಕಿದರು. ಯಂತ್ರದ ಯಾವುದೋ ಭಾಗ ಕೆಟ್ಟಿದ್ದರೆ ತಾನೇ ಆಜ್ಞೆ ನಾಟುವುದಿಲ್ಲ? 1999ರಲ್ಲಿ ಅಂಥ ಒಂದು ಜೀನ್ ಸಿಕ್ಕಿತು, ‘ಆರ್‌ಡಿಇ-1’. ಅದರ ಅಕ್ಷರಗಳನ್ನು ಓದಿದರೆ ಆರ್ಗೋನಾಟ್ ಮನೆತನದ್ದು. 2000ದಲ್ಲಿ ಇಟಲಿಯ ಗುಂಪು ಬೂಸ್ಟಿನಲ್ಲಿ ಕ್ವೆಲಿಂಗ್‌ಗೆ ಬೇಕಾದ ‘ಕ್ಯುಡಿಇ-2’ ಎಂಬ ಜೀನನ್ನು ಓದಿತು. ಅದೂ ಆರ್ಗೋನಾಟ್ ಮನೆತನ. ಅದೇ ವರ್ಷ ಫ್ರಾನ್ಸಿನ ಸಸ್ಯವಿಜ್ಞಾನಿಗಳು, ಆರ್ಗೋನಾಟ್-1 ಕೆಟ್ಟ ಗಿಡದಲ್ಲಿ ಪೆಟೂನಿಯಾ ಬಗೆಯ ಕೋಸಪ್ರೆಷನ್ನೂ ನಡೆಯುವುದಿಲ್ಲ ಅಂತ ತೋರಿಸಿದರು. ಹೂವು, ಬೂಸ್ಟು, ಹುಳು: ಮೂರು ಹೆಸರು, ಒಂದೇ ಕೈವಾಡ.

ಆ ಕೈ ಕೆಲಸ ಮಾಡುವ ರೀತಿಯನ್ನೂ ಹೇಳಿಬಿಡ್ತೀನಿ. ಜೋಡಿ ಎಳೆ ಜೀವಕೋಶಕ್ಕೆ ಬಂದರೆ ‘ಡೈಸರ್’ ಎಂಬ ಇನ್ನೊಂದು ಪ್ರೋಟೀನ್ ಅದನ್ನು ತರಕಾರಿ ಹೆಚ್ಚಿದ ಹಾಗೆ ಹೆಚ್ಚುತ್ತದೆ. ಒಂದೊಂದು ಚೂರೂ ಸುಮಾರು 21ರಿಂದ 23 ಅಕ್ಷರ. ಆರ್ಗೋನಾಟ್ ಒಂದು ಚೂರನ್ನು ಎತ್ತಿಕೊಂಡು, ಎರಡು ಎಳೆಯಲ್ಲಿ ಒಂದನ್ನು ಬಿಸಾಕಿ, ಇನ್ನೊಂದನ್ನು ಮಾದರಿಯಾಗಿ ಇಟ್ಟುಕೊಳ್ಳುತ್ತದೆ. ಮದುವೆ ಮನೆಯ ಅಡುಗೆಕೋಣೆ ಬಾಗಿಲಲ್ಲಿ, ಕೈಯಲ್ಲಿ ಒಂದು ಮಾದರಿ ಹಿಡಿದು, ಒಳಗೆ ಹೋಗುವ ಪ್ರತಿ ಚೀಟಿಯನ್ನೂ ತಾಳೆ ನೋಡುವ ಆಸಾಮಿ ಇದು. ಪೂರ್ತಿ ಓದುವಷ್ಟು ಪುರುಸೊತ್ತು ಇಲ್ಲ. ಮಾದರಿಯ 2ರಿಂದ 8ನೇ ಅಕ್ಷರದವರೆಗೆ ಮೊದಲು ಹೊಂದಿಸಿ ನೋಡುತ್ತದೆ. ಅಲ್ಲಿ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ತುದಿಯಿಂದ ತುದಿಗೆ ತಾಳೆಯಾದರೆ, ಮಾದರಿಯ 10 ಮತ್ತು 11ನೇ ಅಕ್ಷರಗಳ ಎದುರಿಗೆ ಸರಿಯಾಗಿ ಕತ್ತರಿ ಹಾಕುತ್ತದೆ. ತುಂಡಾದ ಚೀಟಿ ಕಸದಬುಟ್ಟಿಗೆ. ಮಾದರಿ ಹಾಗೇ ಕೈಯಲ್ಲಿ ಉಳಿಯುತ್ತದೆ, ಮುಂದಿನ ಚೀಟಿಗೆ. ಕೆಲವೇ ಅಣುಗಳು ಅಷ್ಟೊಂದು ಕೆಲಸ ಹೇಗೆ ಮಾಡಿದವು ಎಂಬುದಕ್ಕೆ ಇದು ಉತ್ತರದ ಒಂದು ಭಾಗ. ಹುಳುಗಳು ಮಾದರಿಯನ್ನು ನಕಲು ಮಾಡಿ ಹೆಚ್ಚಿಸಿಕೊಳ್ಳಲೂ ಬಲ್ಲವು. ಆರ್ಗೋನಾಟ್ ಒಳಗೇ ಕತ್ತರಿ ಇದೆ ಅಂತ ಪಕ್ಕಾ ಆದದ್ದು 2004ರಲ್ಲಿ, ಕೋಲ್ಡ್ ಸ್ಪ್ರಿಂಗ್ ಹಾರ್ಬರಿನ ಲೀಮೋರ್ ಜೋಶುವಾ-ಟೋರ್ ಮತ್ತು ಗ್ರೆಗರಿ ಹ್ಯಾನನ್ ಗುಂಪುಗಳು ಅದರ ಆಕಾರ ಬಿಡಿಸಿ ನೋಡಿದಾಗ.

ಇಷ್ಟೆಲ್ಲ ಏರ್ಪಾಡು ಗಿಡಕ್ಕೆ ಯಾಕೆ ಬೇಕಿತ್ತು? ವೈರಸ್‌ಗಾಗಿ. ಬಹಳಷ್ಟು ವೈರಸ್‌ಗಳು ತಮ್ಮನ್ನು ನಕಲು ಮಾಡಿಕೊಳ್ಳುವಾಗ ಜೋಡಿ ಎಳೆ ಆರ್‌ಎನ್‌ಎ ಹುಟ್ಟುತ್ತದೆ. ಜೋಡಿ ಎಳೆ ಕಂಡರೆ ಕಳ್ಳ ಬಂದ ಅಂತ ಲೆಕ್ಕ. ಇಂಗ್ಲೆಂಡಿನ ನಾರ್ವಿಚ್ ಊರಿನಲ್ಲಿ ಡೇವಿಡ್ ಬಾಲ್ಕೂಮ್ ಗುಂಪು 1997ರಲ್ಲೇ ವೈರಸ್ ರಕ್ಷಣೆಗೂ ಜೀನ್ ಸುಮ್ಮನಾಗುವುದಕ್ಕೂ ಇರುವ ಹೋಲಿಕೆ ತೋರಿಸಿತ್ತು. 1999ರಲ್ಲಿ ಬಾಲ್ಕೂಮ್ ಮತ್ತು ಆಂಡ್ರ್ಯೂ ಹ್ಯಾಮಿಲ್ಟನ್ ಆ ಪುಟ್ಟ ಆರ್‌ಎನ್‌ಎ ಚೂರುಗಳನ್ನು ಮೊದಲ ಬಾರಿಗೆ ಗಿಡದಲ್ಲೇ ಕಂಡರು. ಆಗ 1928ರ ಒಂದು ಹಳೆಯ ವರದಿಗೂ ಅರ್ಥ ಬಂತು. ಅಮೆರಿಕದ ವರ್ಜೀನಿಯಾದಲ್ಲಿ ವಿಂಗಾರ್ಡ್ ಎಂಬ ಸಸ್ಯರೋಗ ತಜ್ಞ, ವೈರಸ್ ತಗುಲಿದ ಹೊಗೆಸೊಪ್ಪಿನ ಗಿಡದಲ್ಲಿ ಕೆಳಗಿನ ಎಲೆಗಳಿಗೆ ರೋಗ ಬಂದು ಆಮೇಲೆ ಚಿಗುರಿದ ಮೇಲಿನ ಎಲೆಗಳು ಆರೋಗ್ಯವಾಗಿರುವುದನ್ನು ದಾಖಲಿಸಿದ್ದ. ಆ ಗಿಡ ಏನು ಮಾಡಿತ್ತು ಅಂತ ಗೊತ್ತಾಗೋಕೆ ಎಪ್ಪತ್ತು ವರ್ಷ ಹಿಡಿಯಿತು.

ಇನ್ನೊಂದು ದಾರಿಯ ಕಥೆ ಹೇಳದೆ ಹೋದರೆ ತಪ್ಪಾಗುತ್ತದೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಗುಂಪು ಹುಳುವಿನ ‘ಲಿನ್-4’ ಎಂಬ ಜೀನನ್ನು ಬಿಡಿಸಿ ನೋಡಿದಾಗ ಅದರಲ್ಲಿ ಪ್ರೋಟೀನೇ ಇರಲಿಲ್ಲ. ಇದ್ದದ್ದು 22 ಅಕ್ಷರದ ಒಂದು ಆರ್‌ಎನ್‌ಎ. ಆ ಪ್ರಬಂಧದ ಮೊದಲ ಹೆಸರು ರೊಸಾಲಿಂಡ್ ಲೀ ಅವರದು. ಲಿನ್-4 ತಡೆಯುವ ‘ಲಿನ್-14’ ಜೀನನ್ನು ಗ್ಯಾರಿ ರುವ್ಕನ್ ಗುಂಪು ಓದಿತ್ತು. 1992ರ ಜೂನಿನಲ್ಲಿ ಇಬ್ಬರೂ ಇನ್ನೂ ಪ್ರಕಟವಾಗದ ತಂತಮ್ಮ ಅಕ್ಷರಸಾಲುಗಳನ್ನು ಬದಲಾಯಿಸಿಕೊಂಡು ಪಕ್ಕಪಕ್ಕ ಇಟ್ಟಾಗ, ಪುಟ್ಟ ಆರ್‌ಎನ್‌ಎ ಉದ್ದ ಚೀಟಿಯ ಬಾಲಕ್ಕೆ ಅಲ್ಲಲ್ಲಿ ಜೋಡಿಯಾಗುವುದು ಕಂಡಿತು. ಜಗತ್ತು ಇದನ್ನು ಹುಳುವಿನ ಚೇಷ್ಟೆ ಅಂತ ಏಳು ವರ್ಷ ಪಕ್ಕಕ್ಕಿಟ್ಟಿತು. 2000ದಲ್ಲಿ ‘ಲೆಟ್-7’ ಎಂಬ ಎರಡನೆಯ ಪುಟ್ಟ ಆರ್‌ಎನ್‌ಎ ಸಿಕ್ಕಿತು, ಅದು ಮನುಷ್ಯರಲ್ಲೂ ಇತ್ತು. ಇವೇ ಮೈಕ್ರೋ ಆರ್‌ಎನ್‌ಎಗಳು. ಇವನ್ನು ಹಿಡಿದು ಬಾಗಿಲಲ್ಲಿ ನಿಲ್ಲುವುದೂ ಆರ್ಗೋನಾಟೇ. ತಾಳೆ ಅರ್ಧಂಬರ್ಧ ಆದಾಗ ಅದು ಕತ್ತರಿ ಹಾಕುವುದಿಲ್ಲ, ಚೀಟಿಯನ್ನು ತಡೆದು, ನಿಧಾನಕ್ಕೆ ಸವೆದುಹೋಗುವಂತೆ ಮಾಡುತ್ತದೆ. ಇದು ವೈರಸ್ ಹಿಡಿಯುವ ಕೆಲಸವಲ್ಲ, ಮನೆಯ ದಿನನಿತ್ಯದ ಶಿಸ್ತು. ಎಳೆಎಳೆ ಎಲೆಯ ಆ ಕಳೆಗಿಡದ ರಹಸ್ಯವೂ ಇಲ್ಲೇ ಇತ್ತು. ಎಲೆ ಅಗಲವಾಗಬೇಕಾದರೆ ಕೆಲವು ಜೀನುಗಳು ಸಮಯಕ್ಕೆ ಸರಿಯಾಗಿ ಸುಮ್ಮನಾಗಬೇಕು.

ಇದರಿಂದ ಮನುಷ್ಯರಿಗೆ ಏನು ಸಿಕ್ಕಿತು? 2001ರಲ್ಲಿ ಜರ್ಮನಿಯ ಗಟ್ಟಿಂಗೆನ್ ಊರಿನ ಥಾಮಸ್ ತುಶ್ಲ್ ಗುಂಪು, 21 ಅಕ್ಷರದ ಚೂರು ಕೊಟ್ಟರೆ ಮನುಷ್ಯನ ಜೀವಕೋಶದಲ್ಲೂ ಬೇಕಾದ ಜೀನ್ ಸುಮ್ಮನಾಗುತ್ತದೆ ಅಂತ ತೋರಿಸಿದ ಮೇಲೆ ಔಷಧಿ ಕಂಪನಿಗಳು ಮುಗಿಬಿದ್ದವು. ಆದರೆ ಚೂರನ್ನು ಬೇಕಾದ ಅಂಗಕ್ಕೆ ತಲುಪಿಸುವುದೇ ಕಷ್ಟವಾಯಿತು. 2010ರಲ್ಲಿ ರೋಶ್ ಕಂಪನಿ ಈ ಕೆಲಸವನ್ನೇ ಕೈಬಿಟ್ಟಿತು. ಹಟ ಬಿಡದವರಿಗೆ 2018ರಲ್ಲಿ ಮೊದಲ ಔಷಧಿ ದಕ್ಕಿತು: ಪ್ಯಾಟಿಸಿರಾನ್. ಪಿತ್ತಕೋಶದ ಪಕ್ಕದ ದೊಡ್ಡ ಅಂಗ, ಅಂದರೆ ಲಿವರ್, ತಯಾರಿಸುವ ಒಂದು ಪ್ರೋಟೀನ್ ಕೆಟ್ಟು ನರಗಳಲ್ಲಿ, ಹೃದಯದಲ್ಲಿ ಕೂರುವ ವಂಶಪಾರಂಪರ್ಯ ಕಾಯಿಲೆಗೆ ಅದು. ನಡಿಗೆಯನ್ನೇ ಕಸಿದುಕೊಳ್ಳುವ ಕಾಯಿಲೆ. ಅಮೆರಿಕದಲ್ಲಿ ಬಿಡುಗಡೆಯಾದಾಗ ವರ್ಷಕ್ಕೆ ಸುಮಾರು 4.5 ಲಕ್ಷ ಡಾಲರ್ ಬೆಲೆ. ಆಮೇಲೆ ಬಂದ ಇಂಕ್ಲಿಸಿರಾನ್ ಕೊಲೆಸ್ಟರಾಲ್ ಇಳಿಸೋಕೆ. ಮೊದಲೆರಡು ಇಂಜೆಕ್ಷನ್ ಮೂರು ತಿಂಗಳ ಅಂತರದಲ್ಲಿ, ಆಮೇಲೆ ಆರು ತಿಂಗಳಿಗೊಂದು ಸಾಕು. ಆರ್ಗೋನಾಟ್ ಕೈಯಲ್ಲಿ ಮಾದರಿ ಅಷ್ಟು ದಿನ ಉಳಿಯುತ್ತದೆ ಎಂಬುದೇ ಇದರ ಗುಟ್ಟು. ಔಷಧಿ ಕೊಡುವುದು ಚೂರನ್ನು ಮಾತ್ರ, ಕತ್ತರಿ ನಮ್ಮ ಒಳಗೇ ಇದೆ.

ಬಹುಮಾನಗಳ ಲೆಕ್ಕಕ್ಕೆ ಬರೋಣ. 2006ರ ನೊಬೆಲ್ ಹುಳುವಿನವರಿಗೆ, 2024ರ ನೊಬೆಲ್ ಆಂಬ್ರೋಸ್ ಮತ್ತು ರುವ್ಕನ್‌ಗೆ, ಅಂದರೆ ಮತ್ತೆ ಹುಳುವಿನವರಿಗೆ. 2006ರಲ್ಲೇ ಕೆಲವರು ನೇಚರ್ ಪತ್ರಿಕೆಗೆ ಪತ್ರ ಬರೆದು, ಗಿಡಗಳಲ್ಲಿ ನಡೆದ ತಳಪಾಯದ ಕೆಲಸವನ್ನು ಮರೆತಿದ್ದೀರಿ ಅಂತ ಆಕ್ಷೇಪಿಸಿದ್ದರು. ಬಾಲ್ಕೂಮ್‌ಗೆ 2008ರಲ್ಲಿ ಆಂಬ್ರೋಸ್, ರುವ್ಕನ್ ಜೊತೆ ಲಾಸ್ಕರ್ ಪ್ರಶಸ್ತಿ ಬಂತು. ನೊಬೆಲ್ ಬರಲಿಲ್ಲ. ನಪೋಲಿ, ಲೆಮ್ಯೂ, ಜೋರ್ಗೆನ್ಸನ್, ಗುವೊ, ಬೋಮರ್ಟ್ ಇವರ ಹೆಸರು ಪಠ್ಯಪುಸ್ತಕದಲ್ಲಿ ಹುಡುಕಿದರೆ ಸಿಕ್ಕೀತು.

ಫೈರ್, ಮೆಲ್ಲೊ ಬಗ್ಗೆ ನನಗೆ ತಕರಾರಿಲ್ಲ. ಜೋಡಿ ಎಳೆಯೇ ಆಜ್ಞೆ ಅಂತ ಕಂಡುಹಿಡಿದದ್ದು ಅವರೇ, ಅದಿಲ್ಲದೆ ಉಳಿದದ್ದೆಲ್ಲ ಬಿಡಿಬಿಡಿ ವಿಚಿತ್ರಗಳಾಗಿಯೇ ಇರುತ್ತಿತ್ತು. ನನ್ನ ತಕರಾರು ನಾವು ಕಥೆ ಹೇಳುವ ರೀತಿಯ ಬಗ್ಗೆ. ಉತ್ತರ ಕೊಟ್ಟವರನ್ನಷ್ಟೇ ನೆನೆಯುತ್ತೇವೆ, ಉತ್ತರ ಇಲ್ಲದಿದ್ದಾಗಲೂ ಪ್ರಶ್ನೆಯನ್ನು ಕಾಪಾಡಿ ಇಟ್ಟವರನ್ನು ಮರೆಯುತ್ತೇವೆ. ಯಾವ ಅನುದಾನಕ್ಕೆ ಅರ್ಜಿ ಹಾಕಿದರೂ ‘ಇದರಿಂದ ಏನು ಉಪಯೋಗ’ ಅಂತ ಮೊದಲ ಪುಟದಲ್ಲೇ ಕೇಳುವ ಕಾಲ ಇದು. ಎಲೆ ಯಾಕೆ ಆಕ್ಟೋಪಸ್ ಹಾಗೆ ಕಾಣುತ್ತೆ ಎಂಬ ಪ್ರಶ್ನೆಗೆ ಆ ಪುಟದಲ್ಲಿ ಏನಂತ ಬರೀತೀರಿ?

ಓಕ್‌ಲೆಂಡಿನ ಆ ಮೂವರ ಮುಂದೆ ಇದ್ದದ್ದು ಕಂಪನಿಗೆ ಬೇಕಾದ ಕಡುನೇರಳೆಯ ಬದಲು ಬಿಳಿ ಹೂವುಗಳು. ಗಿಡ ಕಿತ್ತೆಸೆದು ಹೊಸದಾಗಿ ಶುರುಮಾಡಬಹುದಿತ್ತು. ಅವರು ಎಷ್ಟು ಗಿಡ ಬಿಳಿಯಾದವು ಅಂತ ಎಣಿಸಿದರು, ಯಾವುದು ಮತ್ತೆ ನೇರಳೆಯಾಯಿತು ಅಂತ ಕಾದು ನೋಡಿದರು, ಕಾರಣ ತಿಳಿಯದೆಯೇ ಬರೆದಿಟ್ಟರು. ಈ ಇತಿಹಾಸದ ಮೊದಲ ತಾರೀಖು ಅದು.